ಎರಡನೆಯ ರಾತ್ರಿ ಗುರುತು ಸಿಗುವ ಚುಕ್ಕಿ

ನಮ್ಮ ನಾಡಿನ ಅನೇಕ ಮದುವೆಗಳಲ್ಲಿ ವಧೂವರರಿಗೆ ಅರುಂಧತಿ ನಕ್ಷತ್ರವನ್ನು ತೋರಿಸುವ ಪದ್ಧತಿಯುಂಟು. ಮುಹೂರ್ತ ಹಗಲಿನಲ್ಲಿದ್ದರೆ ಈ ಶಾಸ್ತ್ರವೂ ಹಗಲಿನಲ್ಲಿಯೇ ನಡೆದುಹೋಗುತ್ತದೆ. ಚಪ್ಪರದ ಹೊರಗೆ ಬಂದು ಹಿರಿಯರು ಬಿಸಿಲಿನತ್ತ ಕೈ ತೋರಿಸುತ್ತಾರೆ. ಹುಡುಗನೂ ಹುಡುಗಿಯೂ ‘ಕಂಡೆವು’ ಎಂದು ತಲೆಯಾಡಿಸುತ್ತಾರೆ. ಸುತ್ತ ನಿಂತವರು ನಗುತ್ತಾರೆ. ಕಾಣದುದನ್ನು ಕಂಡೆವೆನ್ನುವ ಈ ವಿನೋದದ ಹಿಂದೆ ನೋಟದ ಬಗೆಗಿನ ಒಂದು ಗಂಭೀರ ಪಾಠವಿದೆ. ಪಾಠಶಾಲೆಗಳಲ್ಲಿ ಸಂಸ್ಕೃತ ಓದಿದವರಿಗೆ ‘ಸ್ಥೂಲಾರುಂಧತೀ ನ್ಯಾಯ’ ಪರಿಚಿತವಾದುದು. ಅರುಂಧತಿ ಮಸುಕಾದ ನಕ್ಷತ್ರ. ನೇರವಾಗಿ ತೋರಿಸಿದರೆ ಹೊಸಬರ ಕಣ್ಣಿಗೆ ಸಿಕ್ಕದು. ಆದುದರಿಂದ ಮೊದಲು ಸಪ್ತರ್ಷಿಮಂಡಲವನ್ನು, ಬಳಿಕ ಅದರ ಬಾಲದ ನಡುವಿನ ವಸಿಷ್ಠನನ್ನು, ಕಡೆಯಲ್ಲಿ ಅವನ ಮಗ್ಗುಲಿನ ಸಣ್ಣ ಚುಕ್ಕಿಯನ್ನು ತೋರಿಸಬೇಕು. ಸ್ಥೂಲದಿಂದ ಸೂಕ್ಷ್ಮಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯುವ ಕ್ರಮವಿದು.

ಬರಿಗಣ್ಣಿಗೆ ಸುಲಭವಾಗಿ ಸಿಕ್ಕದ ಕ್ಷುದ್ರಗ್ರಹವೊಂದನ್ನು ನೋಡಬಯಸುವವರೂ ಇದೇ ಮೆಟ್ಟಿಲುಗಳನ್ನು ಹತ್ತಬೇಕಾಗುತ್ತದೆ. ಆದರೆ ಒಂದು ಭೇದವಿದೆ. ಅರುಂಧತಿ ಎಂದೆಂದೂ ವಸಿಷ್ಠನ ಬಳಿಯಲ್ಲಿಯೇ ಇರುವವಳು. ಒಮ್ಮೆ ಕಂಡರೆ ಕಂಡಂತೆಯೇ. ಕ್ಷುದ್ರಗ್ರಹ ಹಾಗಲ್ಲ. ಮೊದಲ ರಾತ್ರಿ ಅದು ಸುತ್ತಣ ನಕ್ಷತ್ರಗಳ ನಡುವೆ ಇನ್ನೊಂದು ನಕ್ಷತ್ರದಂತೆಯೇ ತೋರುತ್ತದೆ. ಬಿಂಬವಿಲ್ಲ, ಬಣ್ಣದ ವಿಶೇಷವಿಲ್ಲ, ಬಾಲವಿಲ್ಲ. ಮರುರಾತ್ರಿ ಮತ್ತೆ ಅಲ್ಲಿಯೇ ನೋಡಿದವರಿಗೆ ಮಾತ್ರ ಅದು ಸರಿದಿರುವುದು ಗೋಚರವಾಗುತ್ತದೆ. ಮರಳಿ ನೋಡದವರಿಗೆ ಅದು ಎದುರಿಗಿದ್ದೂ ಇಲ್ಲದಂತೆಯೇ. ಈ ಲೇಖನದ ತಿರುಳೂ ಇಷ್ಟೇ: ಕ್ಷುದ್ರಗ್ರಹವನ್ನು ಕಾಣಿಸುವುದು ದೊಡ್ಡ ಯಂತ್ರವಲ್ಲ, ಮರಳಿ ನೋಡುವ ಅಭ್ಯಾಸ.

ಹೆಸರಿನ ಭಯ

‘ಕ್ಷುದ್ರ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯ ಹಿರಿಯ ಹೆಂಗಸರು ಬೆಚ್ಚುವುದು ಅಸಹಜವಲ್ಲ. ಕ್ಷುದ್ರದೇವತೆ, ಕ್ಷುದ್ರಪ್ರಯೋಗ ಎಂಬ ಮಾತುಗಳು ಆ ಭಯವನ್ನು ಬೆಳೆಸಿವೆ. ಆದರೆ ಶಬ್ದದ ಮೂಲಾರ್ಥ ಸಣ್ಣದು ಎಂದಷ್ಟೇ. ಕ್ಷುದ್ರಘಂಟಿಕೆಯೆಂದರೆ ಕಿರುಗೆಜ್ಜೆ, ಆಯುರ್ವೇದದಲ್ಲಿ ಕ್ಷುದ್ರರೋಗವೆಂದರೆ ಚಿಕ್ಕಪುಟ್ಟ ಕಾಯಿಲೆ. ಹಾಗೆಯೇ ಕ್ಷುದ್ರಗ್ರಹವೆಂದರೆ ಸೂರ್ಯನನ್ನು ಸುತ್ತುವ ಸಣ್ಣ ಗ್ರಹ. ನವಗ್ರಹಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿಲ್ಲ, ಜಾತಕದಲ್ಲಿ ಮನೆಯಿಲ್ಲ.

ಮಂಗಳ ಮತ್ತು ಗುರುಗ್ರಹಗಳ ಕಕ್ಷೆಗಳ ನಡುವಣ ವಿಶಾಲವಾದ ಬಯಲಿನಲ್ಲಿ ಇಂತಹವು ಅಸಂಖ್ಯವಾಗಿವೆ. ಇದನ್ನೇ ಪ್ರಧಾನ ಕ್ಷುದ್ರಗ್ರಹ ಪಟ್ಟಿ ಎನ್ನುತ್ತಾರೆ. ಇಂದಿಗೆ ಗುರುತಿಸಲಾಗಿರುವ ಕ್ಷುದ್ರಗ್ರಹಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ. ಅವುಗಳಲ್ಲಿ ಬಹುಪಾಲು ಈ ಪಟ್ಟಿಯವೇ. ಆದರೂ ಪಟ್ಟಿಯಲ್ಲಿರುವುದನ್ನೆಲ್ಲ ಒಂದೇ ಮುದ್ದೆ ಮಾಡಿದರೂ ಅದು ನಮ್ಮ ಚಂದ್ರನ ತೂಕದ ನೂರರಲ್ಲಿ ಮೂರು ಭಾಗದಷ್ಟೇ ಆದೀತು.

ನಾಲ್ಕು ರಾತ್ರಿಗಳ ಸನ್ಯಾಸಿ

ಮೊತ್ತಮೊದಲ ಕ್ಷುದ್ರಗ್ರಹವನ್ನು ಕಂಡವರು ಒಬ್ಬ ಸನ್ಯಾಸಿ ಎಂಬುದು ಮಠಮಾನ್ಯಗಳ ಪರಿಸರದಲ್ಲಿ ಬೆಳೆದ ನಮ್ಮಂಥವರಿಗೆ ಸಂತೋಷದ ಸಂಗತಿ. ಇಟಲಿಯ ಜ್ಯುಸೆಪ್ಪೆ ಪಿಯಾಟ್ಸಿ ಕ್ರೈಸ್ತ ಸನ್ಯಾಸಿ ಪಂಥವೊಂದಕ್ಕೆ ಸೇರಿದವರು; ಸಿಸಿಲಿ ದ್ವೀಪದ ಪಲೆರ್ಮೊ ನಗರದ ವೀಕ್ಷಣಾಲಯದ ಮುಖ್ಯಸ್ಥರು. ಅವರು ಹುಡುಕುತ್ತಿದ್ದುದು ಗ್ರಹವನ್ನಲ್ಲ. ನಕ್ಷತ್ರಗಳ ಸ್ಥಾನಗಳನ್ನು ಅಳೆದು ಪಟ್ಟಿಮಾಡುವುದು ಅವರ ಕಾಯಕವಾಗಿತ್ತು. ಒಂದು ನಕ್ಷತ್ರವನ್ನು ಒಮ್ಮೆ ಅಳೆದು ಮುಗಿಸುವವರಲ್ಲ ಅವರು. ಒಂದೊಂದನ್ನೂ ಹಲವು ರಾತ್ರಿ ಅಳೆದು ತಾಳೆ ನೋಡುವುದು ಅವರ ನಿಯಮ. 1801ರ ಜನವರಿ 1ರ ರಾತ್ರಿ ಅಳೆದ ಒಂದು ಮಂಕು ಚುಕ್ಕಿ ಮರುರಾತ್ರಿಗೆ ಸ್ಥಾನ ಬದಲಿಸಿತ್ತು. ಮೂರನೆಯ, ನಾಲ್ಕನೆಯ ರಾತ್ರಿಗಳಲ್ಲಿ ಅದು ಸರಿಯುತ್ತಲೇ ಇರುವುದು ನಿಶ್ಚಯವಾಯಿತು. ಅದೇ ಸೀರಿಸ್. ಫೆಬ್ರವರಿ 11ರವರೆಗೆ ಅದನ್ನು ಹಿಂಬಾಲಿಸಿದ ಪಿಯಾಟ್ಸಿ ಕಾಯಿಲೆ ಬಿದ್ದರು. ಚುಕ್ಕಿಯೂ ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಆಗ ಇಪ್ಪತ್ತನಾಲ್ಕು ವರ್ಷದ ತರುಣ ಗಣಿತಜ್ಞ ಗೌಸ್, ಪಿಯಾಟ್ಸಿ ಬರೆದಿಟ್ಟ ಕೆಲವೇ ವಾರಗಳ ಅಳತೆಗಳಿಂದ ಅದರ ಹಾದಿಯನ್ನು ಲೆಕ್ಕಹಾಕಿ ಎಲ್ಲಿ ನೋಡಬೇಕೆಂಬುದನ್ನು ಸೂಚಿಸಿದ. ಅದೇ ವರ್ಷದ ಡಿಸೆಂಬರ್ 31ರ ರಾತ್ರಿ ಸೀರಿಸ್ ಮತ್ತೆ ಸಿಕ್ಕಿತು. ಬರೆದಿಟ್ಟ ಟಿಪ್ಪಣಿಯಿಲ್ಲದಿದ್ದರೆ ಗೌಸನ ಗಣಿತ ಯಾವುದನ್ನು ಆಶ್ರಯಿಸಬೇಕಾಗಿತ್ತು?

ಮುಂದೆ ಬ್ರೆಮೆನ್ ಪಟ್ಟಣದ ವೈದ್ಯ ಓಲ್ಬರ್ಸ್, ಹಗಲೆಲ್ಲ ರೋಗಿಗಳನ್ನು ನೋಡಿ ರಾತ್ರಿ ತನ್ನ ಮನೆಯ ಮಹಡಿಯಿಂದ ಆಕಾಶವನ್ನು ನೋಡುತ್ತ, 1802ರಲ್ಲಿ ಪ್ಯಾಲಾಸನ್ನೂ 1807ರ ಮಾರ್ಚ್ 29ರಂದು ವೆಸ್ಟಾವನ್ನೂ ಕಂಡುಹಿಡಿದರು. ಆ ಬಳಿಕ ಮೂವತ್ತೆಂಟು ವರ್ಷ ಹೊಸದೊಂದೂ ಸಿಗಲಿಲ್ಲ. ಇನ್ನಿಲ್ಲವೆಂದು ಹಲವರು ಕೈಬಿಟ್ಟರು. ಕೈಬಿಡದಿದ್ದವನು ಅಂಚೆಯ ಕೆಲಸದಲ್ಲಿದ್ದ ಹೆನ್ಕೆ ಎಂಬ ಜರ್ಮನ್ ಗೃಹಸ್ಥ. ಹದಿನೈದು ವರ್ಷಗಳ ಹುಡುಕಾಟದ ಫಲವಾಗಿ 1845ರ ಡಿಸೆಂಬರ್ 8ರಂದು ಐದನೆಯ ಕ್ಷುದ್ರಗ್ರಹವಾದ ಆಸ್ಟ್ರಿಯಾ ಅವನಿಗೆ ದೊರೆಯಿತು. ಸನ್ಯಾಸಿ, ವೈದ್ಯ, ಅಂಚೆಯವನು - ಈ ಮೂವರಿಗೂ ಸಮಾನವಾಗಿದ್ದುದು ನಿನ್ನೆ ನೋಡಿದುದನ್ನು ಇಂದು ಮತ್ತೆ ನೋಡುವ ತಾಳ್ಮೆ.

ಮದರಾಸಿನ ಆಕಾಶವೇ ಬಣಕಲ್ಲಿನ ಆಕಾಶ

ಇದೆಲ್ಲ ದೂರದ ಯುರೋಪಿನ ಕಥೆಯೆಂದು ತಿಳಿಯಬೇಕಾಗಿಲ್ಲ. ಮೂಡಿಗೆರೆಯಿಂದ ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿಗಳ ಕಡೆಗೆ ಸಾಗುವ ಹೆದ್ದಾರಿಯಲ್ಲಿರುವ ನಮ್ಮ ಬಣಕಲ್ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮದರಾಸು, ಎಂದರೆ ಇಂದಿನ ಚೆನ್ನೈ, ಇರುವುದೂ ಅದೇ ಅಕ್ಷಾಂಶದಲ್ಲಿ. ಆದುದರಿಂದ ಅಲ್ಲಿ ನೆತ್ತಿಯ ಮೇಲೆ ಹಾಯ್ದ ನಕ್ಷತ್ರವೇ ಸುಮಾರು 19 ನಿಮಿಷಗಳ ತರುವಾಯ ಬಣಕಲ್ಲಿನ ನೆತ್ತಿಯ ಮೇಲೆಯೂ ಹಾಯುತ್ತದೆ.

ಆ ಮದರಾಸಿನ ವೀಕ್ಷಣಾಲಯಕ್ಕೆ 1861ರಲ್ಲಿ ನಾರ್ಮನ್ ರಾಬರ್ಟ್ ಪೋಗ್ಸನ್ ಎಂಬ ಇಂಗ್ಲಿಷ್ ಖಗೋಳಜ್ಞರು ಬಂದರು. ನಕ್ಷತ್ರಗಳ ಕಾಂತಿಯನ್ನು ಅಂಕಿಗಳಲ್ಲಿ ಹೇಳುವ ಇಂದಿನ ಕ್ರಮವನ್ನು 1856ರಲ್ಲಿ ಖಚಿತಗೊಳಿಸಿದವರು ಅವರೇ. ಅದರಂತೆ ಒಂದನೆಯ ದರ್ಜೆಯ ನಕ್ಷತ್ರ ಆರನೆಯ ದರ್ಜೆಯದಕ್ಕಿಂತ ಸರಿಯಾಗಿ ನೂರು ಪಟ್ಟು ಪ್ರಕಾಶಮಾನವಾದುದು. ಆರನೆಯ ದರ್ಜೆ ಬರಿಗಣ್ಣಿನ ಎಲ್ಲೆ. ಮದರಾಸಿಗೆ ಬಂದ ಕೆಲವೇ ವಾರಗಳಲ್ಲಿ, 1861ರ ಏಪ್ರಿಲ್ 17ರಂದು, ಪೋಗ್ಸನ್ ಒಂದು ಹೊಸ ಕ್ಷುದ್ರಗ್ರಹವನ್ನು ಕಂಡರು. ಏಷ್ಯಾಖಂಡದಲ್ಲಿ ಪತ್ತೆಯಾದ ಮೊದಲನೆಯದೆಂದು ಅದಕ್ಕೆ ‘ಏಷ್ಯಾ’ ಎಂದೇ ಹೆಸರಾಯಿತು. 1864ರಲ್ಲಿ ಸ್ಯಾಫೋ, 1866ರಲ್ಲಿ ಸಿಲ್ವಿಯಾ, 1868ರಲ್ಲಿ ಕ್ಯಾಮಿಲ್ಲಾ, 1885ರಲ್ಲಿ ವೇರಾ - ಹೀಗೆ ಐದು ಕ್ಷುದ್ರಗ್ರಹಗಳು ಮದರಾಸಿನಿಂದ ಲೋಕಕ್ಕೆ ಪರಿಚಿತವಾದುವು. ಇವುಗಳಲ್ಲಿ ಸಿಲ್ವಿಯಾಕ್ಕೆ ಎರಡು ಪುಟ್ಟ ಚಂದ್ರರಿರುವುದು 2005ರಲ್ಲಿ ಪ್ರಕಟವಾಯಿತು. ಎರಡು ಚಂದ್ರರನ್ನುಳ್ಳ ಕ್ಷುದ್ರಗ್ರಹವೊಂದು ತಿಳಿದುಬಂದುದು ಅದೇ ಮೊದಲು.

ಪೋಗ್ಸನ್ನರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರನ್ನು ಕನ್ನಡಿಗರು ನೆನೆಯಲೇಬೇಕು. 1874ರ ಶುಕ್ರಸಂಕ್ರಮಣವನ್ನು ಜನರಿಗೆ ತಿಳಿಸಲೆಂದು ಅವರು ಪ್ರಕಟಿಸಿದ ಪುಸ್ತಿಕೆ ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಕನ್ನಡದಲ್ಲಿಯೂ ಬಂದಿತು. ಪಂಚಾಂಗ ರಚಿಸುವ ಮನೆತನದಲ್ಲಿ ಹುಟ್ಟಿದ ಅವರು, ಹಳೆಯ ಕೋಷ್ಟಕಗಳು ಕಣ್ಣಿಗೆ ಕಂಡ ಆಕಾಶದೊಡನೆ ಹೊಂದದಿದ್ದಾಗ ತಿದ್ದಬೇಕಾದುದು ಕೋಷ್ಟಕವನ್ನೇ ಎಂದು ವಾದಿಸಿ ದೃಗ್ಗಣಿತ ಪಂಚಾಂಗವನ್ನು ಹೊರತಂದರು. ‘ದೃಕ್’ ಎಂದರೆ ನೋಟ. ನೋಡಿದುದಕ್ಕೆ ಲೆಕ್ಕವನ್ನು ಒಪ್ಪಿಸಬೇಕೇ ಹೊರತು ಲೆಕ್ಕಕ್ಕೆ ನೋಟವನ್ನಲ್ಲ.

ಮದರಾಸಿನ ಆ ಪರಂಪರೆ ಕೊಡೈಕೆನಾಲಿನ ಮೂಲಕ ಮುಂದುವರಿದು, ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯಲ್ಲಿ ಜೀವಂತವಾಗಿದೆ. ಆ ಸಂಸ್ಥೆಯ ಕಾವಲೂರು ವೀಕ್ಷಣಾಲಯದಿಂದ ಆರ್. ರಾಜಮೋಹನ್ ಅವರು 1988ರ ಫೆಬ್ರವರಿ 17ರಂದು ಹೊಸ ಕ್ಷುದ್ರಗ್ರಹವೊಂದನ್ನು ಕಂಡುಹಿಡಿದರು. ಭಾರತದ ನೆಲದಿಂದ ನೂರಕ್ಕೂ ಮಿಕ್ಕಿದ ವರ್ಷಗಳ ಬಳಿಕ ದೊರೆತ ಅದಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರಿಡಲಾಯಿತು. 4130 ಎಂಬುದು ಅದರ ಕ್ರಮಸಂಖ್ಯೆ.

ವೆಸ್ಟಾ ಎಂಬ ಹೊಳೆವ ಕಲ್ಲು

ಏಷ್ಯಾ, ರಾಮಾನುಜನ್ ಮೊದಲಾದವು ನಮ್ಮ ಮನೆಯ ಸಲಕರಣೆಗಳಿಗೆ ನಿಲುಕುವಂತಹವಲ್ಲ. ಗೃಹಸ್ಥರು ಆರಂಭಿಸಬೇಕಾದುದು ವೆಸ್ಟಾದಿಂದ. ಸೀರಿಸ್‌ನ ಅಡ್ಡಳತೆ ಸುಮಾರು 940 ಕಿಲೋಮೀಟರ್, ವೆಸ್ಟಾದ್ದು ಸುಮಾರು 525. ಆದರೂ ಆಕಾಶದಲ್ಲಿ ಹೆಚ್ಚು ಹೊಳೆಯುವುದು ಚಿಕ್ಕದಾದ ವೆಸ್ಟಾವೇ. ಕಾರಣ, ಸೀರಿಸ್ ಇದ್ದಿಲಿನಂತೆ ಕಪ್ಪು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತನೆಯ ಒಂದಂಶವನ್ನೂ ಹಿಂತಿರುಗಿಸದು. ವೆಸ್ಟಾದ ನೆಲವೋ ನೂರಕ್ಕೆ ನಾಲ್ವತ್ತರಷ್ಟನ್ನು ಪ್ರತಿಫಲಿಸುತ್ತದೆ. ಒಳ್ಳೆಯ ವರ್ಷಗಳಲ್ಲಿ ಅದು ಆರನೆಯ ದರ್ಜೆಯ ಎಲ್ಲೆಯನ್ನು ದಾಟಿ, ನಿಜವಾದ ಕತ್ತಲೆಯಲ್ಲಿ ಬರಿಗಣ್ಣಿಗೂ ಕಾಣಿಸುತ್ತದೆ. ಮಿಕ್ಕ ಕ್ಷುದ್ರಗ್ರಹಗಳಿಗೆ ಈ ಭಾಗ್ಯವಿಲ್ಲವೆಂದೇ ಹೇಳಬಹುದು.

ಅಮೆರಿಕದ ‘ಡಾನ್’ ನೌಕೆ 2011ರ ಜುಲೈಯಿಂದ 2012ರ ಸೆಪ್ಟೆಂಬರಿನವರೆಗೆ ವೆಸ್ಟಾವನ್ನು ಸುತ್ತಿ ಚಿತ್ರಿಸಿತು. ಅದರ ದಕ್ಷಿಣ ಧ್ರುವದಲ್ಲಿ ಸುಮಾರು 500 ಕಿಲೋಮೀಟರ್ ಅಗಲದ ಹೊಂಡವಿದೆ. ಯಾವುದೋ ಪುರಾತನ ಸಂಘಟ್ಟನೆಯ ಗಾಯ ಅದು. ಆಗ ಸಿಡಿದ ಚೂರುಗಳಲ್ಲಿ ಕೆಲವು ಯುಗಯುಗಾಂತರ ಅಲೆದು ಭೂಮಿಗೂ ಬಂದಿವೆ. 1996ರ ಜೂನ್ 20ರಂದು ರಾಜಸ್ಥಾನದ ಪಾಲಿ ಜಿಲ್ಲೆಯ ಪಿಪ್ಲಿಯಾ ಕಲಾಂ ಎಂಬಲ್ಲಿ ಬಿದ್ದ ಉಲ್ಕಾಶಿಲೆ ವೆಸ್ಟಾಮೂಲದವೆಂದು ವಿದ್ವಾಂಸರು ಎಣಿಸುವ ವರ್ಗಕ್ಕೆ ಸೇರಿದುದು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಆ ಕಲ್ಲನ್ನು ಪರೀಕ್ಷಿಸಿ, ಸೌರವ್ಯೂಹದ ಶೈಶವದಲ್ಲಿ ಇಂತಹ ಪುಟ್ಟ ಲೋಕಗಳನ್ನು ಕರಗಿಸಿದ ಶಾಖ ಅಲ್ಪಾಯುವಾದ ಒಂದು ಬಗೆಯ ಅಲ್ಯೂಮಿನಿಯಂನಿಂದ ಬಂದಿರಬೇಕೆಂಬುದಕ್ಕೆ ಸಾಕ್ಷ್ಯವನ್ನು 1999ರಲ್ಲಿ ಪ್ರಕಟಿಸಿದರು.

ಕಾಫಿ ಕಣದಿಂದ ನೋಡುವ ಬಗೆ

ವೆಸ್ಟಾ ಸೂರ್ಯನನ್ನು ಸುತ್ತಲು ಸುಮಾರು ಮೂರು ವರ್ಷ ಎಂಟು ತಿಂಗಳು ತೆಗೆದುಕೊಳ್ಳುತ್ತದೆ. ಭೂಮಿ ಒಳಗಿನ ದಾರಿಯಲ್ಲಿ ವೇಗವಾಗಿ ಓಡಿ, ಸುಮಾರು ಹದಿನಾರು ಹದಿನೇಳು ತಿಂಗಳಿಗೊಮ್ಮೆ ಅದನ್ನು ಹಿಂದಿಕ್ಕುತ್ತದೆ. ಆಗ ಸೂರ್ಯ ಒಂದು ಕಡೆ, ವೆಸ್ಟಾ ಇನ್ನೊಂದು ಕಡೆ, ನಡುವೆ ನಾವು. ಇದೇ ‘ವಿಯುತಿ’. ಆ ದಿನಗಳಲ್ಲಿ ವೆಸ್ಟಾ ಸಂಜೆ ಹುಟ್ಟಿ ರಾತ್ರಿಯೆಲ್ಲ ಆಕಾಶದಲ್ಲಿದ್ದು ಮುಂಜಾನೆ ಮುಳುಗುತ್ತದೆ; ಭೂಮಿಗೆ ಹತ್ತಿರವೂ ಆಗಿರುತ್ತದೆ. ಹತ್ತಿರವೆಂದರೂ ಅತಿ ಅನುಕೂಲವಾದಾಗಲೂ ಸುಮಾರು 17 ಕೋಟಿ ಕಿಲೋಮೀಟರ್! ಅಲ್ಲಿಂದ ಹೊರಟ ಬೆಳಕು ನಮ್ಮ ಕಣಕ್ಕೆ ಬರಲು ಒಂಬತ್ತು ನಿಮಿಷಗಳಿಗಿಂತ ಹೆಚ್ಚು ಬೇಕು. 2025ರ ಮೇ 2ರ ವಿಯುತಿ ತುಲಾ ಪುಂಜದಲ್ಲಿ ನಡೆಯಿತು; ಅದರ ಮುಂದಿನದು 2026ರ ಅಕ್ಟೋಬರಿನಲ್ಲಿ, ತಿಮಿಂಗಿಲ ಪುಂಜದಲ್ಲಿ.

ಮಲೆನಾಡಿನಲ್ಲಿ ಮಳೆಯ ಲೆಕ್ಕವಿಲ್ಲದೆ ಆಕಾಶದ ಲೆಕ್ಕ ನಡೆಯದು. ಜೂನಿನಿಂದ ಸೆಪ್ಟೆಂಬರಿನವರೆಗೆ ಬಣಕಲ್ಲಿನ ಮೇಲೆ ನಕ್ಷತ್ರಗಳಿವೆಯೆಂಬುದೇ ಮರೆತುಹೋಗುತ್ತದೆ. ಅಕ್ಟೋಬರಿನಲ್ಲಿಯೂ ಮೋಡ ಪೂರ್ತಿ ತೆರವಾಗದು. ಆದರೆ ವಿಯುತಿಯೇನೂ ಒಂದು ದಿನದ ಜಾತ್ರೆಯಲ್ಲ. ಹಿಂದುಮುಂದಿನ ಎರಡೆರಡು ತಿಂಗಳು ವೆಸ್ಟಾ ಬೈನಾಕ್ಯುಲರಿಗೆ ಸಿಗುತ್ತದೆ. ಹಣ್ಣು ಕುಯ್ಯುವ ಕಾಲದ ನವೆಂಬರ್, ಡಿಸೆಂಬರ್ ತಿಂಗಳುಗಳ ಸಂಜೆಗಳಲ್ಲಿ, ಮಂಜು ಇಳಿಯುವ ಮೊದಲು, ಆಕಾಶ ತೊಳೆದಿಟ್ಟಂತಿರುತ್ತದೆ.

ತೋಟದೊಳಗೆ ಸಿಲ್ವರ್ ಓಕ್, ಹಾಲುವಾಣಗಳ ನೆರಳಿನಿಂದ ಆಕಾಶ ಚೂರುಚೂರಾಗಿ ಕಾಣುತ್ತದೆ. ಮನೆಯ ಮುಂದಿನ ಕಾಫಿ ಕಣವೇ ತಕ್ಕ ಸ್ಥಳ: ಸಮತಟ್ಟಾದುದು, ತೆರೆದುದು, ಮನೆಗೆ ಹತ್ತಿರವಾದುದು. ಕಾಡಾನೆಗಳು ಓಡಾಡುವ ಮೂಡಿಗೆರೆ ಸೀಮೆಯಲ್ಲಿ ರಾತ್ರಿ ಕಣವನ್ನು ಬಿಟ್ಟು ತೋಟದ ಕಡೆಗೆ ಹೋಗಲೇಬಾರದು. ಮಕ್ಕಳೊಡನೆ ಹಿರಿಯರು ಇರಲೇಬೇಕು. ಬೇಕಾದ ಸಾಮಗ್ರಿ ಇಷ್ಟೇ: 7x50 ಅಥವಾ 10x50 ಅಳತೆಯ ಬೈನಾಕ್ಯುಲರ್, ಅದನ್ನು ಅಲುಗದಂತೆ ಊರಲು ಒಂದು ಕುರ್ಚಿಯ ಬೆನ್ನು, ಗಾಜಿಗೆ ಕೆಂಪು ಕಾಗದ ಸುತ್ತಿದ ಟಾರ್ಚು, ಒಂದು ನೋಟುಪುಸ್ತಕ, ಸೀಸದ ಕಡ್ಡಿ. ಆ ದಿನದ ವೆಸ್ಟಾ ಎಲ್ಲಿದೆಯೆಂಬುದನ್ನು ಸ್ಟೆಲ್ಲೇರಿಯಂ ಮುಂತಾದ ಉಚಿತ ತಂತ್ರಾಂಶಗಳು ಮೊಬೈಲಿನಲ್ಲಿಯೇ ತೋರಿಸುತ್ತವೆ. ನಕ್ಷತ್ರಪುಂಜಗಳ ಪರಿಚಯಕ್ಕೆ ಕಾಫಿನಾಡಾದ ಕೊಡಗಿನವರೇ ಆದ ಜಿ. ಟಿ. ನಾರಾಯಣರಾಯರು ಬರೆದ ‘ನಕ್ಷತ್ರವೀಕ್ಷಣೆ’ಯಂತಹ ಕನ್ನಡ ಪುಸ್ತಕಗಳಿವೆ.

ಮೊದಲು ಬರಿಗಣ್ಣಿಗೆ ಕಾಣುವ ಒಂದು ಪ್ರಕಾಶಮಾನ ನಕ್ಷತ್ರವನ್ನು ಗುರುತಿಸಿರಿ. ಅಲ್ಲಿಂದ ನಕ್ಷೆಯಲ್ಲಿರುವಂತೆ ಒಂದೊಂದೇ ಚುಕ್ಕಿಯನ್ನು ಹಿಡಿದು ಬೈನಾಕ್ಯುಲರನ್ನು ಸರಿಸುತ್ತ ಹೋಗಿರಿ. ವೆಸ್ಟಾ ಇರಬೇಕಾದ ಎಡೆಗೆ ಬಂದಾಗ ಅಲ್ಲಿನ ಚುಕ್ಕಿಗಳಲ್ಲಿ ಅದು ಯಾವುದೆಂದು ತೀರ್ಮಾನಿಸುವ ಆತುರ ಬೇಡ. ಪುಸ್ತಕದಲ್ಲಿ ಬಳೆಯನ್ನಿಟ್ಟು ಒಂದು ವೃತ್ತ ಎಳೆಯಿರಿ. ಬೈನಾಕ್ಯುಲರಿನಲ್ಲಿ ಕಂಡ ಚುಕ್ಕಿಗಳನ್ನೆಲ್ಲ ಅವುಗಳ ಸ್ಥಾನದಲ್ಲಿ ಬರೆಯಿರಿ. ದೊಡ್ಡದಕ್ಕೆ ದೊಡ್ಡ ಚುಕ್ಕಿ, ಸಣ್ಣದಕ್ಕೆ ಸಣ್ಣದು. ಕೆಳಗೆ ದಿನಾಂಕ, ವೇಳೆ, ಆಕಾಶದ ಸ್ಥಿತಿಯನ್ನು ದಾಖಲಿಸಿರಿ. ಎರಡು ದಿನ ಬಿಟ್ಟು ಅದೇ ವೇಳೆಗೆ ಬಂದು, ಹಳೆಯ ಚಿತ್ರವನ್ನು ನೋಡದೆ ಹೊಸದಾಗಿ ಇನ್ನೊಂದು ಚಿತ್ರ ಬರೆಯಿರಿ. ಬಳಿಕ ದೀಪದ ಬೆಳಕಿನಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ವಿಯುತಿಯ ಕಾಲದಲ್ಲಿ ವೆಸ್ಟಾ ಒಂದು ದಿನಕ್ಕೆ ಚಂದ್ರಬಿಂಬದ ಅಗಲದ ಅರ್ಧದಷ್ಟು ಸರಿಯುತ್ತದೆ. ಎರಡು ದಿನಕ್ಕೆ ಒಂದು ಚಂದ್ರನಷ್ಟು. ಎಲ್ಲ ಚುಕ್ಕಿಗಳೂ ಇದ್ದಲ್ಲಿಯೇ ಇದ್ದು ಒಂದು ಮಾತ್ರ ಜಾಗ ಬಿಟ್ಟಿದ್ದರೆ, ಅದೇ ಅದು.

ಆ ದಿನಗಳಲ್ಲಿ ಅದು ಪಶ್ಚಿಮದ ಕಡೆಗೆ ಹಿಂದುಹಿಂದಾಗಿ ಸರಿಯುವುದನ್ನೂ ಕಾಣುವಿರಿ. ಪಂಚಾಂಗದಲ್ಲಿ ಗುರು, ಶನಿಗಳಿಗೆ ಹೇಳುವ ‘ವಕ್ರಗತಿ’ ಇದೇ. ಗ್ರಹ ಹಿಂದಕ್ಕೆ ನಡೆಯುವುದಿಲ್ಲ. ಮುಂದೆ ಓಡುವ ಬಸ್ಸಿನಲ್ಲಿ ಕುಳಿತವರಿಗೆ ಪಕ್ಕದ ಎತ್ತಿನಗಾಡಿ ಹಿಂದಕ್ಕೆ ಹೋದಂತೆ ತೋರುವ ಹಾಗೆ ಇದು. ವಕ್ರಗತಿಯೆಂದರೆ ಅನಿಷ್ಟವೆಂದು ಅಂಜುವ ಮನೆಯ ಮಗುವೊಂದು ತನ್ನ ಕೈಯಾರೆ ಬರೆದ ನಾಲ್ಕು ಚಿತ್ರಗಳಲ್ಲಿ ಅದನ್ನು ಕಂಡರೆ, ಆ ಅಂಜಿಕೆ ಅಲ್ಲಿಗೆ ಮುಗಿಯಿತು.

ಸುದ್ದಿಯ ಭಯ, ಕತ್ತಲೆಯ ಬೆಲೆ

ಆಗಾಗ ‘ಭೂಮಿಗೆ ಕ್ಷುದ್ರಗ್ರಹ ಅಪ್ಪಳಿಸಲಿದೆ’ ಎಂಬ ಸುದ್ದಿ ಹಬ್ಬಿ ಮಕ್ಕಳ ನಿದ್ದೆ ಕೆಡಿಸುತ್ತದೆ. ಪ್ರಧಾನ ಪಟ್ಟಿಯ ವೆಸ್ಟಾದಂತಹವು ಭೂಮಿಯ ಹಾದಿಗೆ ಬರುವಂತಹವಲ್ಲ. ಭೂಮಿಯ ಸಮೀಪ ಹಾಯುವವು ಬೇರೆಯ ಗುಂಪು. ಅವುಗಳ ಮೇಲೆ ಖಗೋಳಜ್ಞರ ಕಣ್ಣು ಸದಾ ಇದೆ. ಅಪೋಫಿಸ್ ಎಂಬುದು 2029ರ ಏಪ್ರಿಲ್ 13ರಂದು ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ. 2004ರಲ್ಲಿ ಅದು ಪತ್ತೆಯಾದಾಗ ಆತಂಕ ಮೂಡಿದ್ದು ನಿಜ. ಆದರೆ ಮತ್ತೆ ಮತ್ತೆ ನೋಡಿ ಅಳೆದುದರ ಫಲವಾಗಿ, ಮುಂದಿನ ನೂರು ವರ್ಷಗಳಲ್ಲಿ ಅದು ಭೂಮಿಗೆ ತಗಲುವ ಸಂಭವವಿಲ್ಲವೆಂದು 2021ರಲ್ಲಿ ನಾಸಾ ಪ್ರಕಟಿಸಿತು. ಮೊದಲ ನೋಟ ಭಯ ಹುಟ್ಟಿಸಿತು. ಮರುನೋಟ ಅದನ್ನು ಕಳೆಯಿತು.

ನಿಜವಾಗಿ ಚಿಂತಿಸಬೇಕಾದ ನಷ್ಟ ಬೇರೊಂದಿದೆ. ತೋಟದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ, ರಸ್ತೆಬದಿಯಲ್ಲಿ ಬೆಳ್ಳಗೆ ಉರಿಯುವ ಎಲ್‌ಇಡಿ ದೀಪಗಳು ಹೆಚ್ಚಿದಂತೆ ಮಲೆನಾಡಿನ ಕತ್ತಲೆ ಸವೆಯುತ್ತಿದೆ. ಆರನೆಯ ದರ್ಜೆಯ ಚುಕ್ಕಿಗಳು ಮೊದಲು ಅಳಿಸಿಹೋಗುವಂತಹವು; ವೆಸ್ಟಾ ಅಲ್ಲಿಯದೇ. ಆನೆಯ ಭಯವಿರುವ ಊರಿನಲ್ಲಿ ದೀಪ ಆರಿಸಿರೆಂದು ಹೇಳುವುದು ವಿವೇಕವಲ್ಲ. ಆದರೆ ದೀಪಕ್ಕೆ ಮೇಲೊಂದು ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೆ ಬೀಳಿಸಿದರೆ ಅಂಗಳವೂ ಕಾಣುತ್ತದೆ, ಆಕಾಶವೂ ಉಳಿಯುತ್ತದೆ. ವಿದ್ಯುತ್ತಿನ ಖರ್ಚೂ ಇಳಿಯುತ್ತದೆ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯ ಆಕಾಶವನ್ನೇ ಸಂರಕ್ಷಿತ ಪ್ರದೇಶವಾಗಿ ಘೋಷಿಸಲಾಯಿತು. ಅಲ್ಲಿನ ಹಳ್ಳಿಗರು ದೀಪಗಳಿಗೆ ಮರೆ ಮಾಡಿ, ದೂರದರ್ಶಕ ಹಿಡಿದು ಪ್ರವಾಸಿಗರಿಗೆ ನಕ್ಷತ್ರ ತೋರಿಸುವುದನ್ನೂ ಜೀವನೋಪಾಯವಾಗಿ ಮಾಡಿಕೊಂಡಿದ್ದಾರೆ. ನಮ್ಮ ಗುಡ್ಡಗಳ ಹೋಂಸ್ಟೇ ನಡೆಸುವವರು ಇದನ್ನು ಆಲೋಚಿಸಬಹುದು.

ಹಕ್ಕಿ, ಹುಳು, ಮೀನುಗಳನ್ನು ತಾಳ್ಮೆಯಿಂದ ನೋಡಿ ಬರೆದ ಪೂರ್ಣಚಂದ್ರ ತೇಜಸ್ವಿಯವರು ಬಾಳಿದುದು ಇದೇ ಮೂಡಿಗೆರೆ ಸೀಮೆಯಲ್ಲಿ. ಬಣಕಲ್ಲಿನ ನೆರೆಯ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ನೋಡುವ ಪರಂಪರೆ ಈ ನೆಲಕ್ಕೆ ಹೊಸದಲ್ಲ. ಅದನ್ನು ರಾತ್ರಿಗೂ ವಿಸ್ತರಿಸಬೇಕಾಗಿದೆ. ಶಾಲೆಯ ಉಪಾಧ್ಯಾಯರು, ಮನೆಯ ತಾಯಿತಂದೆಗಳು ಮಕ್ಕಳ ಕೈಗೆ ಬೈನಾಕ್ಯುಲರಿಗಿಂತ ಮೊದಲು ನೋಟುಪುಸ್ತಕವನ್ನು ಕೊಡಲಿ. ‘ಕಂಡೆ’ ಎಂದ ಮಗುವನ್ನು ಹೊಗಳುವ ಮೊದಲು ‘ನಾಡಿದ್ದು ಮತ್ತೆ ನೋಡೋಣ, ಮಗು’ ಎನ್ನಲಿ. ಎರಡನೆಯ ಚಿತ್ರ ಬರೆದು ಮುಗಿಸಿದ ರಾತ್ರಿ ಆ ಮಗು ಯಾರ ಮಾತನ್ನೂ ಆಶ್ರಯಿಸದೆ ಒಂದು ಗ್ರಹವನ್ನು ತಾನಾಗಿ ಕಂಡಿರುತ್ತದೆ. ಹಾಗೆ ಕಂಡುಕೊಂಡ ಅರಿವನ್ನು ಅದರಿಂದ ಯಾರೂ ಕಸಿಯಲಾರರು.